ಚಿಂದಿ ಮೂಟೆಯ ಚಿಗಟಗಳು

"ಅಯ್ಯಯ್ಯೋ!" ಎಂದು ಹೆಡ್‌ಮಿಸ್ ಹಾರಿಬಿದ್ದರು. ಟ್ರಯಲ್‌ಗೆಂದು ತೊಟ್ಟಿದ್ದ ಅರೆಹೊಲಿದ ಕೋಟಿನ ಒಂದು ತೋಳು ಕಿತ್ತುಬಂದು ದರ್ಜಿಯ ಕೈಯಲ್ಲೇ ಉಳಿಯಿತು. "ಸೂಜಿ ಚುಚ್ಚಿಬಿಟ್ರಲ್ರೀ!"

ದರ್ಜಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿ, "ತಪ್ಪಾಯ್ತು ಮೇಡಂ" ಎಂದ. ಮೂವತ್ತು ವರ್ಷದಲ್ಲಿ ಅವನ ಸೂಜಿ ಗಿರಾಕಿಯ ಮೈ ಮುಟ್ಟಿದ್ದಿಲ್ಲ. ಆದರೂ ಅಪವಾದ ಹೊತ್ತುಕೊಂಡ. ಚಿಗಟ ಕಚ್ಚಿತು ಅನ್ನುವುದಕ್ಕಿಂತ ಸೂಜಿ ಚುಚ್ಚಿತು ಅನ್ನುವುದೇ ವಾಸಿಯಲ್ಲವೇ? ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಚಿಗಟ ಇವೆ ಎಂಬ ಸುದ್ದಿ ಈ ಹೆಡ್‌ಮಿಸ್ ಬಾಯಿಗೆ ಬಿದ್ದರೆ ಮುಗಿಯಿತು, ಶಾಲೆಯ ಅಷ್ಟೂ ಟೀಚರುಗಳು ಬೇರೆ ದರ್ಜಿಯನ್ನು ಹುಡುಕಿಕೊಳ್ಳುತ್ತಾರೆ.

ಅಷ್ಟರಲ್ಲಿ ಇನ್ನೊಂದು "ಅಯ್ಯೋ!"

"ಅಲ್ರೀ, ನೀವು ನಿಂತಿರೋದು ನನ್ನ ಭುಜದ ಹತ್ರ. ಮೀನಖಂಡಕ್ಕೆ ಹೇಗ್ರೀ ಚುಚ್ಚಿದ್ರಿ?"

"ಸೂಜಿ ಕೆಳಗೆ ಬಿದ್ದಿತ್ತೇನೋ ಮೇಡಂ..."

"ಬಿದ್ದ ಸೂಜಿ ಮೇಲಕ್ಕೆ ಹಾರುತ್ತೇನ್ರೀ? ನಿಮಗೆ ಕಣ್ಣು ಮಂಜಾಗಿದೆ. ಎರಡು ವಾರ ಬಿಟ್ಟು ಬರ್ತೀನಿ, ಅಷ್ಟರಲ್ಲಿ ಕನ್ನಡಕ ಬದಲಾಯಿಸ್ಕೊಳ್ಳಿ" ಎಂದು ಕಾಲು ಕೆರೆದುಕೊಳ್ಳುತ್ತಲೇ ಹೊರಟರು.

ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ನೋಡಿದ್ರಾ ನಿಮ್ಮ ಕೆಂಚಿಯ ಪ್ರತಾಪ?"

ಕೆಂಚಿ ಎಂಬ ಆ ಕೆಂಪು ಬೆಕ್ಕು ಹೊಲಿಗೆ ಮೆಷಿನ್ನಿನ ಕೆಳಗೆ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಪಾದ ನೆಕ್ಕುತ್ತಿತ್ತು. ಅದಕ್ಕೆ ಮಾಡದ ಉಪಚಾರವಿಲ್ಲ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದ್ದಾಗಿತ್ತು, ಪ್ರಾಣಿಗಳ ಡಾಕ್ಟರು ಕತ್ತಿನ ಹಿಂದೆ ಔಷಧಿ ಹನಿಸಿದ್ದೂ ಆಗಿತ್ತು. ದರ್ಜಿ ಸಿಟ್ಟಿನಿಂದ ಡಾಕ್ಟರಿಗೇ ಫೋನ್ ಹಚ್ಚಿದ.

"ಬೆಕ್ಕಿನ ಮೇಲೆ ಈಗ ಏನೂ ಇಲ್ಲ ಕಣ್ರೀ" ಎಂದರು ಡಾಕ್ಟರು. "ಮೊಟ್ಟೆ, ಮರಿ ಎಲ್ಲ ನಿಮ್ಮ ಮನೇಲೇ ಎಲ್ಲೋ ಬೆಚ್ಚಗಿವೆ. ಬಿಳಿ ಕಾಲುಚೀಲ ಹಾಕ್ಕೊಂಡು ಕೋಣೆ ಕೋಣೆ ಓಡಾಡಿ. ಎಲ್ಲಿ ಜಾಸ್ತಿ ಹತ್ತುತ್ತವೋ ಅದೇ ಅವುಗಳ ತವರುಮನೆ. ಅಲ್ಲಿರೋದನ್ನ ಕುದಿಯೋ ನೀರಿಗೆ ಹಾಕಿ, ಇಲ್ಲಾ ಹೊರಗೆಸೀರಿ."

ಮಂಡಿಯವರೆಗೆ ಬರುವ ಬಿಳಿ ಕಾಲುಚೀಲ ಯಾರ ಹತ್ತಿರ ಇರುತ್ತದೆ? ದರ್ಜಿ ಲೈನಿಂಗ್ ಬಟ್ಟೆಯಲ್ಲಿ ತಾನೇ ಒಂದು ಜೊತೆ ಹೊಲಿದುಕೊಂಡ. ಅಡುಗೆಮನೆಯಲ್ಲಿ ಒಂದು ಹತ್ತಿತು. ಮಲಗುವ ಕೋಣೆಯಲ್ಲಿ ಮೂರು. ಕೊನೆಗೆ ಮೆಷಿನ್ನಿನ ಕೆಳಗೆ, ಕೆಂಚಿ ದಿನಾ ಮಲಗುವ ಚಿಂದಿ ಮೂಟೆಯ ಪಕ್ಕ ನಿಂತ ನೋಡಿ, ಎರಡೇ ನಿಮಿಷದಲ್ಲಿ ಎರಡೂ ಕಾಲಿಗೆ ಎಳ್ಳು ಎರಚಿದಂತಾಯಿತು. ಹದಿನೆಂಟು ವರ್ಷ ಕೂಡಿಟ್ಟ ಮೂಟೆ ಅದು. ಹೊಲಿದ ಪ್ರತಿ ಬಟ್ಟೆಯದೂ ಒಂದೊಂದು ತುಂಡು, ಮುಂದೆ ಹರಿದರೆ ತೇಪೆಗಿರಲಿ ಎಂದು. ಅದನ್ನು ಹೊರಗೆಸೆಯಲು ಹೆಂಡತಿ ಹದಿನೆಂಟು ವರ್ಷದಿಂದ ಹೊಂಚುಹಾಕುತ್ತಿದ್ದಾಳೆ. ಅವನು ಕಾಲುಚೀಲಗಳನ್ನು ಸರ್ರನೆ ಕಳಚಿ ಜೇಬಿಗೆ ತುರುಕಿಕೊಂಡ.

"ಏನಾಯ್ತು? ಎಲ್ಲಿ ಜಾಸ್ತಿ ಇವೆಯಂತೆ?"

"ಎಲ್ಲಾ ಕಡೆ ಒಂದೇ ಸಮ ಇವೆ ಕಣೆ."

"ಹಾಗಾದ್ರೆ ಬೆಕ್ಕನ್ನೇ ಸಾಗಿಸ್ಬೇಕು, ಬೇರೆ ದಾರಿ ಇಲ್ಲ. ಗೋದಾಮಿನವರಿಗೆ ಇಲಿಕಾಟವಂತೆ. ಸಂಜೆ ಐದಕ್ಕೆ ಬಂದು ತಗೊಂಡು ಹೋಗ್ತಾರೆ." ಅವಳು ಬೆಕ್ಕಿನ ಮುಂದೆ ಬುಟ್ಟಿ ಹಿಡಿದು, ಅದು ಒಳಗೆ ಹೋದದ್ದೇ ಮುಚ್ಚಳ ಹಾಕಿದಳು.

ದರ್ಜಿ ಮೆಷಿನ್ನಿನ ಮುಂದೆ ಕೂತ. ಮೂರು ವರ್ಷದಿಂದ ಕಾಲ ಬುಡದಲ್ಲೇ ಇದ್ದ ಜೀವ. ಗಿರಾಕಿ ಬೈದದ್ದು, ಅಳತೆ ತಪ್ಪಿದ್ದು, ಬೆನ್ನು ನೋಯುತ್ತಿರುವುದು, ಎಲ್ಲವನ್ನೂ ಅದರ ಹತ್ತಿರ ಹೇಳಿಕೊಂಡಿದ್ದಾನೆ, ಪಾಪ ಒಂದು ದಿನವಾದರೂ ಎದುರು ಮಾತಾಡಿತೇ? ಈಗ ಬುಟ್ಟಿಯೊಳಗಿಂದ ಸಣ್ಣಗೆ ಒಂದು 'ಮಿಯಾಂವ್' ಬಂತು. ಅವನು ಹೆಡ್‌ಮಿಸ್ ಕೋಟಿನ ಬಲದೋಳನ್ನು ಎಡಕ್ಕೆ ಹೊಲಿದು, ಬಿಚ್ಚಿ, ಮತ್ತೆ ಎಡಕ್ಕೇ ಹೊಲಿದ.

ಐದಕ್ಕೆ ಹತ್ತು ನಿಮಿಷವಿದ್ದಾಗ ಇನ್ನು ತಡೆಯಲಾಗದೆ ಎದ್ದುಹೋಗಿ ಕಾಲುಚೀಲಗಳನ್ನು ಹೆಂಡತಿಯ ಮುಂದೆ ಎಸೆದ. "ತಗೋ, ನೋಡು! ಎಲ್ಲಾ ಇರೋದು ನನ್ನ ಮೂಟೇಲಿ. ಅದನ್ನ ಏನ್ ಬೇಕಾದ್ರೂ ಮಾಡ್ಕೋ. ಕೆಂಚೀನ ಮಾತ್ರ ಕಳಿಸ್ಬೇಡ."

"ನೀರು ಆಗಲೇ ಕುದೀತಿದೆ" ಎಂದಳು ಅವಳು ತಣ್ಣಗೆ. "ಡಾಕ್ಟರು ಬಿಳಿ ಕಾಲುಚೀಲದ ವಿಷಯ ಮೊದಲು ಹೇಳಿದ್ದೇ ನನಗೆ."

"ಮತ್ತೆ... ಗೋದಾಮಿನವರು?"

"ಯಾವ ಗೋದಾಮಿನವರು?"

ಮೂಟೆ ಬಿಚ್ಚಿದಾಗ ದರ್ಜಿ ಒಂದು ಕಪ್ಪು ತುಂಡನ್ನು ಗಟ್ಟಿಯಾಗಿ ಹಿಡಿದುಕೊಂಡ. "ಏ, ಇದು ಜಡ್ಜ್ ಸಾಹೇಬ್ರ ಕೋಟಿಂದು ಕಣೆ. ಮೊಣಕೈ ಹರಿದ್ರೆ ನನ್ನ ಹತ್ರಾನೇ ಬರ್ತಾರೆ."

"ಅವರು ತೀರ್ಕೊಂಡು ಎಂಟು ವರ್ಷ ಆಯ್ತು. ಹಾಕಿ ಒಳಗೆ."

ಅರ್ಧ ಮೂಟೆ ಹಂಡೆಗೆ ಹೋಯಿತು, ಉಳಿದರ್ಧ ಕಸದ ಗಾಡಿಗೆ. ಆಮೇಲೆ ದಿನಕ್ಕೆರಡು ಸಲ ಮೂಲೆ ಮೂಲೆ ಗುಡಿಸಿ, ಸಂದಿಗೊಂದಿಗೆಲ್ಲ ಇಸ್ತ್ರಿಪೆಟ್ಟಿಗೆಯ ಬಿಸಿ ಹಬೆ ಹಾಯಿಸಿದರು. ಎರಡು ವಾರ ಕಳೆದು ಬಂದ ಹೆಡ್‌ಮಿಸ್ ಅರ್ಧ ಗಂಟೆ ಅಲ್ಲಾಡದೆ ನಿಂತು ಟ್ರಯಲ್ ಮುಗಿಸಿದರು. ಹೋಗುವಾಗ ಇನ್ನಿಬ್ಬರು ಟೀಚರುಗಳನ್ನು ಕಳಿಸುವುದಾಗಿಯೂ ಹೇಳಿದರು.

ಈ ಸಂತೋಷವನ್ನು ಕೆಂಚಿಗೆ ಹೇಳೋಣವೆಂದು ದರ್ಜಿ ಬಗ್ಗಿ ನೋಡಿದರೆ ಮೆಷಿನ್ನಿನ ಕೆಳಗೆ ಅದು ಇರಲಿಲ್ಲ. ಹುಡುಕುತ್ತಾ ಒಳಗೆ ಹೋದ. ಈವರೆಗೆ ಬೆಕ್ಕನ್ನು ಬೆರಳ ತುದಿಯಿಂದಲೂ ಮುಟ್ಟದಿದ್ದ ಹೆಂಡತಿ ಅದನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಮುಂದೆ, ಗಿರಾಕಿಗಳು ಬಂದು ಒಯ್ಯದೇ ಉಳಿದ ಹಳೆಯ ಕೋಟುಗಳನ್ನು, ಅವಳು ಎಷ್ಟು ಗೊಣಗಿದರೂ ಎಸೆಯದೆ, ಅವನು ಜೋಪಾನ ಮಾಡಿಟ್ಟಿದ್ದ ಬೀರುವಿನ ಬಾಗಿಲು ತೆರೆದುಕೊಂಡಿತ್ತು. ಅವಳು ಕೋಟುಗಳ ರಾಶಿಯನ್ನು ಮೆತ್ತಗೆ ತಟ್ಟಿ, ಹದಮಾಡಿ, ಅದರ ನಡುವೆ ಬೆಕ್ಕನ್ನು ಇಳಿಸಿದಳು.

"ಇವತ್ತಿಂದ ನೀನು ಇಲ್ಲೇ ಮಲಕ್ಕೋ, ನನ್ನ ಬಂಗಾರ."