ಬೇಡ ಅನ್ನುವ ಪಾಠ

ಬಾಗಿಲು ತೆಗೆಯಬೇಡಿ ಎಂದು ಬಾರಿ ಬಾರಿ ಹೇಳಿದ್ದರೂ ಶೇವಂತಾಬಾಯಿ ತೆಗೆದೇಬಿಟ್ಟಳು. ಬಾಗಿಲೆಂದರೆ ತಾಲೀಮಿನ, ಅಂದರೆ ಕುಸ್ತಿಯ ಗರಡಿಯ, ಕೆಂಪು ಮಣ್ಣಿನ ಮೇಲೆ ಅಡ್ಡ ಇಟ್ಟ ಕುರ್ಚಿ. ಅದರಾಚೆ ಎದೆಗೂ ತೊಡೆಗೂ ದಪ್ಪ ಪ್ಯಾಡು ಬಿಗಿದು, ಹೆಲ್ಮೆಟ್ ಹಾಕಿಕೊಂಡು ನಿಂತಿದ್ದವನು ಪೈಲ್ವಾನ ಸಂಗ್ರಾಮ. ಸದ್ಯಕ್ಕೆ ಅವನು ಸಿಲಿಂಡರ್ ನೋಡುವ ನೆಪದಲ್ಲಿ ಒಂಟಿ ಹೆಂಗಸಿನ ಮನೆಗೆ ನುಗ್ಗಲು ಬಂದ ಕಳ್ಳ.

"ಸ್ವಲ್ಪ ನೀರು ಕೊಡ್ತೀರೇನ್ರೀ ಕಾಕೂ?" ಎಂದ ಕಳ್ಳ.

ಕೊಲ್ಹಾಪುರದ ಹೆಂಗಸಿನ ಹತ್ತಿರ ಆಡಬಾರದ ಮಾತು ಅದು. "ಅಯ್ಯ, ಬಿಸಲಾಗ ಬಂದೀಯಪ್ಪಾ, ಕೂಡು ಬಾ" ಎಂದು ಶೇವಂತಾಬಾಯಿ ಬಾಗಿಲನ್ನೇ ಎತ್ತಿ ಅವನಿಗೆ ಕೂರಲು ಕೊಟ್ಟಳು. ಬರೀ ನೀರು ಕೊಡುವುದು ಅವಳ ಮನೆತನದಲ್ಲೇ ಇಲ್ಲ. ಬುತ್ತಿಯ ಜೊತೆ ತಂದಿದ್ದ ಬೆಲ್ಲದ ತುಂಡನ್ನೂ ಅವನ ಕೈಗಿಟ್ಟಳು. ಕಳ್ಳ ಹೆಲ್ಮೆಟ್ ತೆಗೆದು ಬೆಲ್ಲ ಬಾಯಿಗೆ ಹಾಕಿಕೊಂಡ. ಕಲಿಯಲು ಬಂದಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳನ್ನು ಇಲ್ಲಿಗೆ ಎಳೆದು ತಂದವಳು ಮಗಳು ಕೇತಕಿ. ಅವಳಿಗೆ ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿದೆ, ಸೋಮವಾರ ಹಾಜರಾಗಬೇಕು. ಬಸ್ಸು ರಾತ್ರಿ ಯಾವುದೋ ಊರಲ್ಲಿ ತಂಗಿದರೆ ಮಗಳೂ ಅಲ್ಲೇ ತಂಗಬೇಕೆಂದು ತಿಳಿದ ಮೇಲೆ ಶೇವಂತಾಬಾಯಿ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಹೆಂಗಸರಿಗೆ ಆತ್ಮರಕ್ಷಣೆ ಕಲಿಸುವ ಈ ತರಬೇತಿ ಕಂಡರೆ ಅವ್ವನ ಮನಸ್ಸು ಕರಗೀತು ಎಂಬ ಮಗಳ ಆಸೆ ಅವಳಿಗೆ ತಿಳಿಯದ್ದೇನಲ್ಲ. ನೋಡಿದರೆ ಏನು ಗಂಟು ಹೋಗುತ್ತದೆ ಎಂದು ಬಂದಿದ್ದಳು.

"ಕಾಕೂ, ಬೆಲ್ಲ ಸಾಕು. ಬ್ಯಾಡ ಅನ್ರಿ, ಗಟ್ಟಿಯಾಗಿ," ಎಂದರು ಕಲಿಸುವ ಘೋರ್ಪಡೆ ಮೇಡಂ.

"ಬ್ಯಾಡಪ್ಪಾ..."

"ಹಿಂಗಂದ್ರ ಅಂವ ಚಹಾನೂ ಕುಡದು ಹೋಗ್ತಾನ! ಯಾರಿಗಾದ್ರೂ ಒಮ್ಮೆ ಬ್ಯಾಡ ಅಂದೀರೇನು ಜನ್ಮದಾಗ?"

ಶೇವಂತಾಬಾಯಿ ಯೋಚಿಸಿದಳು. ಅತ್ತೆಗೆ ಅಂದಿರಲಿಲ್ಲ, ಗಂಡನಿಗೆ ಅಂದಿರಲಿಲ್ಲ, ಓಣಿಗೆ ಬರುವ ಸೀರೆ ವ್ಯಾಪಾರಿಗೂ ಅಂದಿರಲಿಲ್ಲ.

"ಈಕಿಗೆ ಅಂದೀನ್ರೀ," ಎಂದು ಮಗಳ ಕಡೆ ಕೈ ತೋರಿದಳು. "ಮೊನ್ನೆ, ಕಂಡಕ್ಟರ್ ಆಗ್ತೀನಿ ಅಂದಾಗ."

"ಹಂಗಾದ್ರ ಇಂವನ್ನ ಕೇತಕಿ ಅಂತ ತಿಳ್ಕೋರಿ."

ಸಂಗ್ರಾಮ ಹೆಲ್ಮೆಟ್ ಹಾಕಿಕೊಂಡು ಹೆಜ್ಜೆ ಮುಂದಿಟ್ಟ. ಶೇವಂತಾಬಾಯಿ ಸೆರಗು ಸಿಕ್ಕಿಸಿದಳು.

"ಬ್ಯಾಡ! ಬ್ಯಾಡ ಅಂದ್ರ ಬ್ಯಾಡ! ಹೊಸ್ತಿಲಾ ದಾಟಿ ನೋಡು, ಕಾಲ ಮುರೀತೀನಿ!"

ಮಾಡಿನಲ್ಲಿದ್ದ ಪಾರಿವಾಳಗಳು ಪಟಪಟ ಹಾರಿದವು. ಆರಡಿ ಪೈಲ್ವಾನ ಹಿಂದೆ ಸರಿಯುತ್ತಾ ಸರಿಯುತ್ತಾ ಎಡವಿ ಮಣ್ಣಿನಲ್ಲಿ ದೊಪ್ಪೆಂದು ಕುಳಿತ. ಚಪ್ಪಾಳೆಯೋ ಚಪ್ಪಾಳೆ. ಇಷ್ಟು ದೊಡ್ಡ ದನಿ ತನ್ನೊಳಗಿತ್ತೇ ಎಂದು ಶೇವಂತಾಬಾಯಿಗೇ ಆಶ್ಚರ್ಯ. ಉಬ್ಬಿ ಮಗಳ ಕಡೆ ತಿರುಗಿದಳು. ಕೇತಕಿಯೊಬ್ಬಳೇ ಚಪ್ಪಾಳೆ ತಟ್ಟುತ್ತಿರಲಿಲ್ಲ.

"ಏನ್ ದನಿ ಕಾಕೂ ನಿಮ್ದು!" ಎಂದ ಸಂಗ್ರಾಮ, ಕೂತಲ್ಲಿಂದಲೇ. "ಇಷ್ಟೆಲ್ಲಾ ಪ್ಯಾಡ್ ಇದ್ರೂ ಎದಿ ಝಲ್ ಅಂತು."

ಕೇತಕಿ ಹೋಗಿ, ಅವನನ್ನು ಎಬ್ಬಿಸಲು ಕೈ ಚಾಚಿದಳು. ನಗುತ್ತಲೇ ಅಂದಳು:

"ನಿನಗ ಪ್ಯಾಡಾದ್ರೂ ಇತ್ತಲ್ಲೋ ಅಣ್ಣಾ."