ಸೀಮೆಸುಣ್ಣದ ಗೋಡೆ

ನೆಲದ ಮೇಲಿನ ಗೆರೆಗಳನ್ನು ತುಳಿದುಕೊಂಡೇ ಮೇವಿಸ್ ಒಳಗೆ ಬಂದಳು. "ಶವಪೆಟ್ಟಿಗೆಗಾದ್ರೂ ಒಳಗೆ ಬಟ್ಟೆ ಹೊದಿಸಿರ್ತಾರೆ, ಕ್ಲೈವ್. ಇದಕ್ಕೆ ಅದೂ ಇಲ್ಲ."

ಇಬ್ಬರೂ ವಾಸಿಸಲೆಂದು ಗಂಡ ಕೊಂಡಿದ್ದು ಬರ್ಮಿಂಗ್‌ಹ್ಯಾಮ್ ಕಾಲುವೆಯ ದೋಣಿಯೊಂದರ ಬರೀ ಉಕ್ಕಿನ ಒಡಲು. ಹಲಗೆ ನೆಲವೊಂದು ಬಿಟ್ಟರೆ ಒಳಗೆ ಗೋಡೆಯಿಲ್ಲ, ಒಲೆಯಿಲ್ಲ. ಅಡುಗೆಮನೆ, ಮಲಗುವ ಕೋಣೆ, ನಡುವಿನ ಬಾಗಿಲು ಎಲ್ಲವನ್ನೂ ಕ್ಲೈವ್ ಸೀಮೆಸುಣ್ಣದಲ್ಲಿ ಬರೆದಿದ್ದ.

"ನಿಂಗೆ ಬೇಡ ಅಂದ್ರೆ ಹೇಳು, ಮಾರಿಬಿಡ್ತೀನಿ," ಎಂದ ಅವನು, ಮಂಚದ ಗೆರೆ ಎಳೆಯುತ್ತಲೇ. "ಈಗಿರೋ ಮನೇಲೇ ಇದ್ದುಬಿಡೋಣ."

ಅವಳು ಅಡುಗೆಮನೆ ಎಂದು ಬರೆದಿದ್ದಲ್ಲಿ ನಿಂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಅವನು ಮಲಗುವ ಕೋಣೆಯಿಂದ ಕೈ ಚಾಚಿದ. ಮೇವಿಸ್ ಲೋಟವನ್ನು ಹಿಂದಕ್ಕೆಳೆದುಕೊಂಡಳು.

"ಅಲ್ಲಿ ಗೋಡೆ ಇದೆಯಲ್ಲ. ಬಾಗಿಲಿಂದ ಬಾ."