ಹಿಮದ ಕೆಳಗಿನ ಕೊನೆಯ ಮನೆ

ಕಟ್ಟಿಟ್ಟ ಚೀಲವನ್ನು ಮೇಷ್ಟ್ರು ಮತ್ತೊಮ್ಮೆ ಹಾಸಿಗೆಯ ಮೇಲೆ ಬೋರಲು ಹಾಕಿದರು. ಉಣ್ಣೆಯ ಕಾಲುಚೀಲ, ನೋವಿನ ಮುಲಾಮು, ಟಾರ್ಚು ಎಲ್ಲ ಚೆಲ್ಲಾಪಿಲ್ಲಿಯಾದವು. ಅವುಗಳ ನಡುವೆ ಮಗಳ ಕೆಂಪು ಸ್ವೆಟರು.

"ಇದ್ಯಾಕೆ?"

ಹೆಂಡತಿ ಕಾಲುಚೀಲ ಹೆಕ್ಕತೊಡಗಿದಳು. ಏನಂತ ಹೇಳುವುದು? ಅಲ್ಲಿ ಚಳಿ ಅಂತಲೇ? ವರ್ಷದಿಂದ ಹಿಮದಡಿ ಮಲಗಿದವಳಿಗೆ ಸ್ವೆಟರು ಯಾಕೆ? ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಎಂದಿನಂತೆ ತಮ್ಮ ಜೇಬಿಗೆ ಸೇರಿಸಿದರು. ಆಮೇಲೆ ಚೀಲವನ್ನು ತಾವೇ ತುಂಬಿದರು. ಅವರು ತುಂಬಿದರೆ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

"ಹೇಗಿದ್ದರೂ ಸರಿ," ಅಂದರು ಕೊನೆಯ ಪಟ್ಟಿ ಬಿಗಿಯುತ್ತ. "ಅವಳನ್ನ ಮನೆಗೆ ಕರ್ಕೊಂಡೇ ಬರೋದು."

ಮೇಷ್ಟ್ರು ಅಂದರೆ ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧ ಜನ ಅವರ ಕೈಯಲ್ಲೇ ಕಾರು ಕಲಿತವರು. ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟೇ ಅವರ ಆಯಸ್ಸು ಸವೆದಿತ್ತು. ಮನೆಯಲ್ಲೂ ಅಷ್ಟೇ ಎಂದು ನೆಂಟರು ನಗೆಯಾಡುತ್ತಿದ್ದರು. ಮಗಳಿಗೂ ಅವರೇ ಕಲಿಸಿದರು. ಒಬ್ಬಳೇ ಓಡಿಸಲು ಮಾತ್ರ ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಬಿಟ್ಟುಬರುವುದು, ಕರೆತರುವುದು, ಅವಳ ಫೋನಿಗೆ ಯಾರು ಕರೆ ಮಾಡಿದ್ದರು ಎಂದು ನೋಡುವುದು, ಎಲ್ಲ ಅವರದೇ. ಇಂಥ ಅಪ್ಪ ಯಾರಿಗೆ ಸಿಗುತ್ತಾರೆ ಎಂದು ಅಕ್ಕಪಕ್ಕದವರು ಕೊಂಡಾಡುವರು. ಹೆಂಡತಿ ಹೂಂಗುಟ್ಟುವಳು.

ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯರೊಂದಿಗೆ ಪರದೇಶದ ಬೆಟ್ಟ ಹತ್ತಲು ಹೋಗುತ್ತೇನೆಂದು ಮಗಳು ಕೇಳಿದಾಗ ಮೇಷ್ಟ್ರು ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಹೋಗಿಬರಲಿ ಬಿಡ್ರೀ," ಅಂದವಳು ತಾಯಿ. ಸಂಸಾರ ಶುರುವಾದಂದಿನಿಂದ ಅವಳು ಗಂಡನಿಗೆ ಎದುರಾಡಿದ್ದು ಅದೊಂದೇ ಸಲ. ವಾಪಸ್ಸು ಬಂದೊಡನೆ ತಾವು ಗೊತ್ತುಮಾಡಿದ ಹುಡುಗನನ್ನು ಮದುವೆಯಾಗಬೇಕು ಎಂದು ಮಾತು ತೆಗೆದುಕೊಂಡು ಮೇಷ್ಟ್ರು ಪಾಸ್‌ಪೋರ್ಟ್ ಕೊಟ್ಟರು.

ಮಗಳು ಬರಲಿಲ್ಲ. ಮಂಜು ಮುಸುಕಿದ ಬೆಳಿಗ್ಗೆ, ಉಳಿದವರು ಏಳುವ ಮೊದಲೇ, ಒಬ್ಬಳೇ ಹೊರಗೆ ಹೋಗಿದ್ದಳಂತೆ. ಪ್ರಪಾತದ ಅಂಚಿನಲ್ಲಿ ಚೀಲ ಸಿಕ್ಕಿತು. ಅವಳು ಸಿಗಲಿಲ್ಲ. ಹುಡುಕುವವರು ಕೈಚೆಲ್ಲಿದರು. ಅಂದಿನಿಂದ ಮೇಷ್ಟ್ರು ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು: "ಬಿಡ್ರೀ ಅಂದವಳು ನೀನು." ತಾಯಿ ತಟ್ಟೆ ಸರಿಸಿ ಏಳುತ್ತಿದ್ದಳು. ಅವರು ಹೇಳುವುದರಲ್ಲಿ ಸುಳ್ಳೇನಿತ್ತು?

ಈಗ ಹಿಮ ಕರಗುವ ಕಾಲ. ಮೂಳೆಯಾದರೂ ಸಿಕ್ಕೀತು ಎಂದು ಹೊರಟಿದ್ದರು.

ವಿಮಾನ, ಆಮೇಲೆ ಬಸ್ಸು, ಆಮೇಲೆ ಬರೀ ಕಾಲು. ಹೊಸ ಬೂಟು ತಾಯಿಯ ಹಿಮ್ಮಡಿಯ ಚರ್ಮ ಕಿತ್ತಿತು. ಉಸಿರು ಅರ್ಧದಲ್ಲೇ ಮುಗಿದುಹೋಗುತ್ತಿತ್ತು. ದಾರಿ ತೋರಿಸುವವನು ಕೂರಿಸಿ ನೀರು ಕೊಟ್ಟರೆ ಮೇಷ್ಟ್ರು ಮುಂದಿನಿಂದ ಕೈಬೀಸುತ್ತಿದ್ದರು. ಅವಳು ಏಳುತ್ತಿದ್ದಳು. ಸತ್ತ ಮಗಳಿಗಾಗಿ ಅಷ್ಟೂ ನಡೆಯದಿದ್ದರೆ ತಾಯಿ ಅನ್ನಿಸಿಕೊಳ್ಳುವುದು ಯಾತಕ್ಕೆ?

ಹಿಮ ಶುರುವಾಗುವ ಮೊದಲು ಸಿಗುವ ಕೊನೆಯ ಮನೆ ಒಂದು ತಂಗುದಾಣ. ಮಗಳು ಕೊನೆಯದಾಗಿ ಮಲಗಿದ್ದು ಅಲ್ಲೇ. ಅದರ ಒಡತಿ ದಪ್ಪ ಮೈಯ, ಕೆಂಪು ಕೆನ್ನೆಯ ಹೆಂಗಸು. ದಾರಿ ತೋರಿಸುವವನು ಅವಳ ಮಾತನ್ನು ತನ್ನ ಹರಕು ಇಂಗ್ಲಿಷಿನಲ್ಲಿ ತಿರುಗಿಸಿ ಹೇಳಬೇಕು. ಮೇಷ್ಟ್ರು ಲೈಸೆನ್ಸ್ ಪರೀಕ್ಷೆಗೆ ಕೂರಿಸಿದವರ ಹಾಗೆ ಕೇಳಿದರು: ಯಾವ ಬಾಗಿಲಿನಿಂದ ಹೋದಳು? ಜೊತೆಗೆ ಯಾರಿದ್ದರು? ಯಾರಾದರೂ ಹುಡುಗ ಬಂದಿದ್ದನೇ? ತಿರುಗಿಸಿ ಮುರುಗಿಸಿ ಕೇಳಿದರೂ ಒಡತಿಯದು ಒಂದೇ ಉತ್ತರ. ಒಬ್ಬಳೇ ಹೋದಳು, ಮತ್ತೆ ಕಾಣಲಿಲ್ಲ. ಮೇಷ್ಟ್ರ ದನಿ ಏರಿದಾಗ ಅವಳು ಒಲೆಯ ಕಡೆ ತಿರುಗಿದಳು. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ತಾಯಿಯ ಮೇಲೆ ಬಂದು ನಿಲ್ಲುತ್ತಿತ್ತು. ಕನಿಕರ ಅಂದುಕೊಂಡಳು ತಾಯಿ. ಕನಿಕರವನ್ನು ಇಟ್ಟುಕೊಂಡು ಮಾಡುವುದೇನು?

ಪ್ರಪಾತದ ಅಂಚಿನಲ್ಲಿ ನಿಂತು ನೋಡಿದರೆ ತಳವಿಲ್ಲ. ಬಿಳಿ, ಅದರಾಚೆ ಇನ್ನಷ್ಟು ಬಿಳಿ. ಹುಡುಕುವುದಿರಲಿ, ಎಲ್ಲಿಂದ ಹುಡುಕುವುದೆಂದೂ ತೋರದಷ್ಟು ಅಗಾಧ. ದಾರಿ ತೋರಿಸುವವನು ಟೊಪ್ಪಿ ತೆಗೆದು ತಲೆಯಾಡಿಸಿದ. ಮೇಷ್ಟ್ರು ಕುಸಿದು ಕೂತು ಮಗುವಿನ ಹಾಗೆ ಅತ್ತರು.

"ಕಣ್ಣಳತೆಯಿಂದ ಆಚೆ ಬಿಡಬಾರದಿತ್ತು," ಅಂದರು. "ನನ್ನ ಹತ್ತಿರಾನೇ ಇರ್ತಿದ್ಲು."

ತಾಯಿಗೆ ಅಳುವೂ ಬರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಎಲ್ಲ ಮುಗಿಯಿತು ಎಂಬ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಬೆಚ್ಚಿದಳು. ಅಷ್ಟರಲ್ಲಿ ಮೇಷ್ಟ್ರು ಎದ್ದು ಅವಳ ತೋಳು ಹಿಡಿದಿದ್ದರು. ಅವರ ಹಿಡಿತದ ಗುರುತು ಮಾರನೆಯ ದಿನವೂ ಉಳಿದಿತ್ತು.

ತಂಗುದಾಣದಿಂದ ಹೊರಡುವಾಗ ಮೇಷ್ಟ್ರು ದಾರಿ ತೋರಿಸುವವನೊಂದಿಗೆ ಆಗಲೇ ಅಂಗಳ ದಾಟಿದ್ದರು. ಒಂದೇ ದಿನಕ್ಕೆ ಮುದುಕರಾದಂತೆ ಕಾಣುತ್ತಿದ್ದರು. ಇನ್ನು ಹುಡುಕುವುದಿಲ್ಲ, ಊರಿಗೆ ಹೋಗಿ ಕರ್ಮ ಮುಗಿಸೋಣ ಎಂದಿದ್ದರು. ತಾಯಿ ಹೊಸ್ತಿಲ ಬಳಿಯ ಬೆಂಚಿನ ಮೇಲೆ ಬೂಟು ಹಾಕಿಕೊಳ್ಳುತ್ತಿದ್ದಳು. ಲೇಸು ಇನ್ನೂ ಕಟ್ಟಿರಲಿಲ್ಲ. ಒಡತಿ ಬಂದು ಅವಳ ಮುಂದೆ ಮಂಡಿಯೂರಿದಳು. ಒಂದು ಸಲ ಅಂಗಳದ ಕಡೆ ನೋಡಿದಳು. ಆಮೇಲೆ, ಕನ್ನಡದ ಒಂದಕ್ಷರವೂ ಬಾರದ ಆ ಹೆಂಗಸು, ಬಾಯಿಪಾಠ ಒಪ್ಪಿಸುವ ಮಗುವಿನಂತೆ, ತಡೆತಡೆದು ಪಿಸುಗುಟ್ಟಿದಳು:

"ಅಮ್ಮಾ, ನಾನಿದ್ದೀನಿ. ಅಪ್ಪನಿಗೆ ಹೇಳಬೇಡ."